ರಾಯದುರ್ಗಕ್ಕೆ ಒಂದು ಸೀಟು

ಬೆಂಗಳೂರಿನಲ್ಲಿ ಬಾಲರಾಜುವಿಗೆ ಬಿ.ಪಿ. ಏರಿದ್ದರಿಂದ ಮಡಕಶಿರದ ಪಕ್ಕದ ಹಳ್ಳಿಯಲ್ಲಿದ್ದ ಚಿತ್ತಮ್ಮನ ಮನೆಗೆ ಸುಣ್ಣ ಕಾಣುವ ಯೋಗ ಬಂತು.

ಬಾಲರಾಜು ಚಿತ್ತಮ್ಮನ ಅಳಿಯ. ಲಗ್ಗೆರೆಯಲ್ಲಿ ಪೈಪು, ಮೊಳೆ, ಬಣ್ಣದ ಡಬ್ಬ ಮಾರುವ ಅಂಗಡಿ ಇಟ್ಟುಕೊಂಡಿದ್ದ. ಎರಡು ದಿನವಾದರೂ ಅಂಗಡಿಯ ಗದ್ದಲ ಬಿಟ್ಟು, ಹೊಗೆ ಧೂಳಿಲ್ಲದ ಕಡೆ ಹೋಗಿ ಬನ್ನಿ ಎಂದು ಡಾಕ್ಟರು ಹೇಳಿದ್ದರಂತೆ. ಮಗಳು ರಮ್ಯ ಕೂಡಲೇ ಫೋನಿನಲ್ಲಿ ಒಂದು ತೋಟದ ಮನೆ ಹುಡುಕಿ ತೋರಿಸಿದಳಂತೆ. ಹಗ್ಗದ ಮಂಚ, ರಾಗಿಮುದ್ದೆ, ಕರುವಿನ ಮೈ ಸವರುವುದು, ಸಂಜೆ ಬೆಂಕಿ ಹಾಕಿ ಸುತ್ತ ಕೂರುವುದು, ಎಲ್ಲಕ್ಕೂ ತಲೆಗೆ ಇಷ್ಟೆಂದು ರೇಟು. ಬಾಲರಾಜುವಿನ ಹೆಂಡತಿ ರೇವತಿ ಅದನ್ನು ನೋಡಿ, ಇವಿಷ್ಟೂ ನಮ್ಮವ್ವನ ಮನೆಯಲ್ಲಿ ಪುಕ್ಕಟೆ ಸಿಗುತ್ತವಲ್ಲ ಎಂದಳಂತೆ. ಹಾಗೆ ಊರ ಕಡೆಗೆ ಕಾರಿನ ಪ್ರವಾಸ ನಿಗದಿಯಾಯಿತು. ಜನವರಿ ಇಪ್ಪತ್ತಾರರ ರಜೆ ಸೋಮವಾರ ಬಿದ್ದಿತ್ತು. ಶನಿವಾರ ಬೆಳಿಗ್ಗೆ ಹೊರಟು ಬಂದು ಇಲ್ಲಿ ತಂಗುವುದು, ಭಾನುವಾರ ರಾಯದುರ್ಗಕ್ಕೆ ಹೋಗಿ ಕೋಟೆ ನೋಡುವುದು, ಅಲ್ಲಿಂದ ಹಾಗೇ ಬೆಂಗಳೂರು ಸೇರುವುದು.

ಡಿಸೆಂಬರ್ ಕೊನೆಯ ವಾರ ರೇವತಿ ಇದನ್ನು ಫೋನಿನಲ್ಲಿ ಹೇಳುವಾಗ ಚಿತ್ತಮ್ಮನ ಸೊಸೆ ಶೃತಿ ಹಿತ್ತಲಲ್ಲಿ ರೇಷ್ಮೆಹುಳದ ತಟ್ಟೆಗಳನ್ನು ತೊಳೆಯುತ್ತಿದ್ದಳು. ರಾಯದುರ್ಗ ಎಂಬ ಮಾತು ಕಿವಿಗೆ ಬಿದ್ದದ್ದೇ ನಲ್ಲಿ ನಿಲ್ಲಿಸಿ ಒಳಗೆ ಬಂದಳು. ರಾಯದುರ್ಗ ಅವಳ ತವರು.

"ಅಕ್ಕಾ, ಕಾರಿನ್ಯಾಗ ನನಗೊಂದು ಜಾಗ ಆಕೈತೇನು?" ಎಂದು ಅತ್ತೆಯ ಕೈಯಲ್ಲಿದ್ದ ಫೋನಿಗೇ ಬಾಗಿ ಕೇಳಿದಳು.

"ಏಳು ಸೀಟಿನ ಗಾಡಿ ಕಣೆ. ನಾವು ಮೂರು ಜನ, ನಮ್ಮೋರ ಫ್ರೆಂಡು ಪವನ್, ಅವ್ರ ಮನೆಯೋರು. ಹಿಂದಿನ ಎರಡು ಸೀಟು ಖಾಲಿನೇ ಇರುತ್ತೆ. ನೀನಿಲ್ದೆ ರಾಯದುರ್ಗದಲ್ಲಿ ನಮಗೆ ದಾರಿ ತೋರ್ಸೋರ್ಯಾರು?" ಎಂದಳು ರೇವತಿ.

ಶೃತಿ ಮದುವೆಯಾಗಿ ಬಂದು ಐದು ವರ್ಷ, ತವರಿನ ಹೊಸ್ತಿಲು ತುಳಿದು ಎರಡು ವರ್ಷ. ಅವಳಪ್ಪ ಸಂಜೀವಪ್ಪ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಇಸ್ತ್ರಿ ಕೆಲಸಕ್ಕಿದ್ದ. ಅವ್ವ ಓಬಕ್ಕ ಮನೆಯಲ್ಲೇ ಕೂತು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಮಂಡಿನೋವಿನಿಂದ ಅವಳು ಬಸ್ಸು ಹತ್ತಲಾರಳು. ಮಗಳು ಹೋಗಬೇಕೆಂದಾಗಲೆಲ್ಲ ಇಲ್ಲಿ ಮನೆ ತುಂಬ ಹುಳ. ಒಂದು ಬೆಳೆಯ ಗೂಡು ಬಿಡಿಸಿ ಹಿಂದೂಪುರದ ಮಾರ್ಕೆಟ್ಟಿಗೆ ಸಾಗಿಸಿ ಮನೆ ತೊಳೆಯುವಷ್ಟರಲ್ಲಿ ಇನ್ನೊಂದು ಬೆಳೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಓಬಕ್ಕ, ಇನ್ನು ಯಾವ ನೆವ ಹೇಳುತ್ತೀ ಎಂದು ಮಗಳನ್ನು ಕೇಳಿದ್ದಳು. ಟಿಕೆಟ್ಟು ಬೇಡ ಅಂತ ಸರ್ಕಾರ ಹೇಳಿತ್ತೇ ಹೊರತು, ಸೊಸೆಗೆ ರಜಾ ಕೊಡಿ ಅಂತ ಯಾವ ಅತ್ತೆಗೂ ಹೇಳಿರಲಿಲ್ಲ. ಆದರೆ ಈಗ ಹೋಗುವುದು ಅಳಿಯನ ಕಾರು. ಅದರಲ್ಲಿ ಕೂತು ಹೋದರೆ ಅದೂ ನೆಂಟರ ಉಪಚಾರದಲ್ಲೇ ಸೇರುತ್ತಿತ್ತು.

ಚಿತ್ತಮ್ಮ ಅಳಿಯನ ಸಲುವಾಗಿ ಈ ಬೆಳೆಯನ್ನೇ ಬಿಡೋಣ ಎಂದಳು. ನಾಲ್ಕು ವರ್ಷದ ಹಿಂದೆ ಬಾಲರಾಜು ಬಂದಾಗ ನಡುಮನೆಯಲ್ಲಿ ಹುಳದ ತಟ್ಟೆಗಳ ಪಕ್ಕ ಹಾಸಿಗೆ ಹಾಕಿದ್ದರು. ಅವನು ವಾಸನೆ ತಡೆಯಲಾರದೆ ಅಂಗಳದಲ್ಲಿ ಕೂತು ಬೆಳಗು ಮಾಡಿ, ಕಾಫಿಗೂ ನಿಲ್ಲದೆ ಹೊರಟುಹೋಗಿದ್ದ. ಅದಾದ ಮೇಲೆ ಈಗಲೇ ಅವನು ಬರುತ್ತಿರುವುದು.

ಬೆಳೆ ಬಿಡಲು ಮಾವ ಚಿಕ್ಕತಿಮ್ಮಯ್ಯ ಒಪ್ಪಲಿಲ್ಲ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಲಿತು ನಿಂತಿತ್ತು. ಶೃತಿ ಬೆರಳು ಮಡಚಿ ಲೆಕ್ಕ ಹಾಕಿದಳು. ಎರಡನೇ ತಾರೀಖು ಚಾಕಿ ಮರಿ, ಎಂದರೆ ಎಳೆ ಹುಳ, ತಂದರೆ ಇಪ್ಪತ್ತೆರಡಕ್ಕೆ ಅವು ಮೇದು ಹಣ್ಣಾಗಿ ಬಿದಿರು ಹೆಣೆದ ಚಂದ್ರಿಕೆ ಹತ್ತುತ್ತವೆ. ಆಮೇಲೆ ಅವುಗಳ ಪಾಡಿಗೆ ಅವು ಗೂಡು ಕಟ್ಟುತ್ತವೆ, ಸೊಪ್ಪಿಲ್ಲ, ಕಸವಿಲ್ಲ, ವಾಸನೆಯಿಲ್ಲ. ಅಳಿಯಂದಿರಿಗೂ ತೊಂದರೆಯಿಲ್ಲ.

"ಲೆಕ್ಕ ಎಲ್ಲ ರಾಯದುರ್ಗಕ್ಕೇ ಹೊಂಟೈತೆ," ಎಂದಳು ಚಿತ್ತಮ್ಮ. "ಆಗ್ಲಿ. ಹುಳ ಚಂದ್ರಿಕೆ ಹತ್ತಿದ್ರೆ ಓಗು, ಬ್ಯಾಡ ಅನ್ನಲ್ಲ. ತಟ್ಟೇಲಿ ಹುಳ ಉಳುದ್ರೆ ಮಾತ್ರ ಕಾಲು ಕೀಳಂಗಿಲ್ಲ. ಈಗಲೇ ಏಳಿವ್ನಿ."

"ಆತು ಅತ್ತೀ," ಎಂದಳು ಶೃತಿ. ಗಂಡ ರಾಮಾಂಜಿಯನ್ನು ಕೇಳಿದರೆ ಅವನು "ನೋಡನ" ಎಂದ. ಅವನು ಯಾವುದಕ್ಕೂ ಹೇಳುವುದು ಅದನ್ನೇ.

ಚಾಕಿ ಮರಿ ಬಂದವು. ಹುಲ್ಲಿನ ಎಳೆಯಂಥ ಮರಿಗಳಿಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕುತ್ತ ಶೃತಿ ದಿನ ಎಣಿಸಿದಳು. ಅಲ್ಲಿ ಬೆಂಗಳೂರಿನಲ್ಲೂ ರಮ್ಯ ದಿನ ಎಣಿಸುತ್ತಿದ್ದಳು. ವಾರಕ್ಕೆರಡು ಸಲ ಫೋನು. ಪವನ್ ಮನೆಯವರಿಗೆ ಕೆಳಗೆ ಕೂತು ಏಳಲು ಆಗುವುದಿಲ್ಲ, ಬಚ್ಚಲಲ್ಲಿ ಕುರ್ಚಿ ಇಡಿಸಬೇಕು. ಕುಡಿಯಲು ಕ್ಯಾನಿನ ನೀರು. ದಿಂಬು ಮೆತ್ತಗಿರಬೇಕು. ಊಟಕ್ಕೆ ಮುದ್ದೆಯೇ ಆಗಬೇಕು, ಅನ್ನ ಬೆಂಗಳೂರಲ್ಲಿ ದಿನಾ ತಿನ್ನುತ್ತೇವೆ. ಸಂಜೆ ಅಂಗಳದಲ್ಲಿ ಬೆಂಕಿ.

"ಚಳಿ ಕಾಯಿಸ್ಕಳಕ್ಕೆ ಅಲ್ಲಿಂದ ಪೆಟ್ರೋಲ್ ಸುಟ್ಕಂಡು ಬತ್ತಾರಾ?" ಎಂದು ಕೇಳಿದ ಚಿಕ್ಕತಿಮ್ಮಯ್ಯ.

"ಅದು ರಿಲ್ಯಾಕ್ಸ್ ಅಂತೆ," ಎಂದಳು ಚಿತ್ತಮ್ಮ.

"ನಂಗೂ ಒಂದು ದಿನ ಅದನ್ನ ಮಾಡ್ಸಿ," ಎಂದು ಅವನು ಸೊಪ್ಪಿನ ಹೊರೆ ಇಳಿಸಿ ಮತ್ತೆ ತೋಟಕ್ಕೆ ನಡೆದ.

ಮನೆಗೆ ಸುಣ್ಣ ಆಗಲೇ ಆಗಿತ್ತು. ಮಗ ಸೊಸೆ ಮಲಗುವ ಕೋಣೆಯನ್ನು ಅಳಿಯನಿಗೆಂದು ಬಿಟ್ಟಾಯಿತು. ಅವರ ಬಟ್ಟೆಬರೆ ಗಂಟು ಕಟ್ಟಿ ಅಟ್ಟಕ್ಕೇರಿಸಿದರು. ಓಬಕ್ಕನೂ ಸುಮ್ಮನಿರಲಿಲ್ಲ. ಬೀಗರ ಮಗಳು ಅಳಿಯ ಬರುತ್ತಾರೆಂದು ಶೇಂಗಾ ಹುರಿದು ಹೋಳಿಗೆಗೆ ಪುಡಿ ಮಾಡಿದ್ದಳು, ಪಕ್ಕದ ಮನೆಯಿಂದ ಸ್ಟೀಲಿನ ತಟ್ಟೆಗಳನ್ನು ಎರವಲು ಹೇಳಿದ್ದಳು. ಎಷ್ಟು ಜನ ಎಂದು ದಿನಾ ಕೇಳುತ್ತಿದ್ದಳು. ಶೃತಿ ದಿನಾ, ನನ್ನ ಸೇರಿಸಿ ಆರು ಎನ್ನುತ್ತಿದ್ದಳು.

ಸಂಕ್ರಾಂತಿಯ ಸುತ್ತಮುತ್ತ ಚಳಿ ಬಿಗಿಯಿತು. ರೇಷ್ಮೆಹುಳ ನಾಲ್ಕು ಸಲ ಮೇವು ಬಿಟ್ಟು ತಲೆ ಎತ್ತಿ ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಚಳಿಗೆ ಹುಳ ಮೂರನೇ ಜ್ವರದಿಂದಲೇ ತಡವಾಗಿ ಎದ್ದವು. ನಾಲ್ಕನೇ ಜ್ವರಕ್ಕೆ ಹೋಗುವ ಹೊತ್ತಿಗೆ ಶೃತಿಯ ಲೆಕ್ಕಕ್ಕಿಂತ ಎರಡು ದಿನ ಹಿಂದೆ ಬಿದ್ದಿದ್ದವು. ಅವಳು ನಡುಮನೆಯ ಮೂಲೆಯಲ್ಲಿ ಇದ್ದಿಲಿನ ಬಾಂಡಲಿ ಇಟ್ಟಳು, ಕಿಟಕಿಗೆ ಗೋಣಿ ಕಟ್ಟಿದಳು. ಹುಳ ಮಾತ್ರ ಅವುಗಳ ಹೊತ್ತಿಗೇ ಮಲಗಿದವು.

ಹಬ್ಬದ ಮಾರನೆಯ ದಿನ ಚಿತ್ತಮ್ಮ ಅಳಿಯನಿಗೆ ಹೊಸ ಹಾಸಿಗೆ ತರಲು ಮಗನ ಬೈಕು ಹತ್ತಿ ಮಡಕಶಿರಕ್ಕೆ ಹೋದಳು. ಹೋಗುವಾಗ, ಹುಳ ಇನ್ನೂ ಅರ್ಧ ಎದ್ದಿಲ್ಲ, ನಾಳೆ ಬೆಳಿಗ್ಗೆ ತನಕ ಸೊಪ್ಪು ಸೋಕಿಸಬೇಡ ಎಂದು ಹೇಳಿಯೇ ಹೋದಳು. ಶೃತಿಗೂ ಅದು ತಿಳಿಯದ ಮಾತಲ್ಲ. ಮೊದಲು ಎದ್ದವು ಹಸಿದು ತಲೆಯಾಡಿಸಿದರೂ ಮಲಗಿದವು ಏಳುವವರೆಗೆ ಕಾಯಬೇಕು. ಮುಂಚೆ ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಮಲಗಿದವು ಸೊಪ್ಪಿನಡಿ ಸಿಕ್ಕಿ ಹಿಂದೆ ಉಳಿಯುತ್ತವೆ. ಆಮೇಲೆ ಹಣ್ಣಾಗುವಾಗ ಒಂದೊಂದು ಒಂದೊಂದು ದಿನ.

ಮಧ್ಯಾಹ್ನದ ಬಿಸಿಲಿಗೆ ತಟ್ಟೆಗಳಲ್ಲಿ ತಲೆಗಳು ಆಡತೊಡಗಿದವು. ಶೃತಿ ಒಂದು ತಟ್ಟೆ ನೋಡಿದಳು, ಇನ್ನೊಂದು ನೋಡಿದಳು. ಮುಕ್ಕಾಲು ಪಾಲು ಎದ್ದಿವೆ ಅನ್ನಿಸಿತು. ಈಗ ಹಾಕಿದರೆ ಮುಕ್ಕಾಲು ದಿನ ಉಳಿಯುತ್ತಿತ್ತು. ಅವಳು ಸೊಪ್ಪಿನ ಬುಟ್ಟಿ ಎಳೆದುಕೊಂಡು ಅಷ್ಟೂ ತಟ್ಟೆಗಳಿಗೆ ಹಾಕಿದಳು. ಮಳೆ ಹನಿದಂತೆ ಹುಳ ಮೇಯುವ ಸದ್ದು ಎದ್ದಿತು.

ಸಂಜೆ ಚಿತ್ತಮ್ಮ ಹಾಸಿಗೆ ಹೊತ್ತುಕೊಂಡು ಹೊಸ್ತಿಲಿಗೆ ಬರುತ್ತಲೇ ಆ ಸದ್ದು ಕೇಳಿದಳು. ಹಾಸಿಗೆಯನ್ನು ಅಂಗಳದಲ್ಲೇ ಬಿಟ್ಟು ಒಳಗೆ ಬಂದು ಒಂದು ತಟ್ಟೆಯ ಸೊಪ್ಪು ಮಗುಚಿದಳು. ಅಡಿಯಲ್ಲಿ ಮಲಗಿದ ಹುಳ ಗುಂಪುಗುಂಪಾಗಿದ್ದವು.

"ಯಾರಮ್ಮಿ ಆಕಿದ್ದು?"

"ನಾನ ಹಾಕಿದೆ ಅತ್ತೀ. ಎದ್ದಿದ್ದವು."

"ಎದ್ದಿದ್ವಾ? ಇದೇನು, ನಿಮ್ಮಪ್ಪನ ಪ್ಯಾಂಟಾ, ಬಿಸಿ ಇಸ್ತ್ರಿ ಎಳುದ್ರೆ ನೆಟ್ಟಗಾಗಕ್ಕೆ? ಇವತ್ತೊಂದಿನ ಕಾದಿದ್ರೆ ಶನಿವಾರ ಒಂದೇ ದಿನಕ್ಕೆ ಎಲ್ಲ ಹಣ್ಣಾಗವು. ಈಗ ಮೂರು ದಿನ ಎಳೀತವೆ ನೋಡು."

ಅಪ್ಪನ ಹೆಸರು ಬಂದದ್ದಕ್ಕೆ ಶೃತಿಗೆ ಉರಿಯಿತು. "ನಮ್ಮಪ್ಪ ಯಾಕ ಬೇಕು ಇದರಾಗ? ನಾನು ಎರಡು ವರ್ಷ ಕಾದೀನಲ್ಲ, ಅದು ಕಾಣಂಗಿಲ್ಲೇನು ನಿಮಗ?"

"ಕಾಯ್ದೋಳು ಇನ್ನೊಂದಿನ ಕಾಯಕ್ಕಾಗ್ಲಿಲ್ವಾ?" ಎಂದಳು ಚಿತ್ತಮ್ಮ. ಆ ವಾರವೆಲ್ಲ ಅತ್ತೆ ಸೊಸೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಶೃತಿ ಉಣ್ಣುವ ಹೊತ್ತಿಗೆ ಮುದ್ದೆ ಆರಿ ಕಲ್ಲಾಗಿರುತ್ತಿತ್ತು. ಅದನ್ನೇ ಸಾರಿನಲ್ಲಿ ನೆನೆಸಿ ನುಂಗಿ ಎದ್ದು ಹೋಗುತ್ತಿದ್ದಳು.

ಶುಕ್ರವಾರ ಅಲ್ಲೊಂದು ಇಲ್ಲೊಂದು ಹುಳ ಹಣ್ಣಾದವು. ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಆರಪಾರ ಕಾಣುವಂತಾಗಿ, ತಲೆ ಎತ್ತಿ ನೂಲಿಗೆ ಜಾಗ ಹುಡುಕುತ್ತಿದ್ದವು. ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಸುತ್ತಿ, ಕರೆ ಹಿಡಿದು, ಮಾರ್ಕೆಟ್ಟಿನಲ್ಲಿ ಯಾರೂ ಮೂಸದಂತಾಗುತ್ತವೆ. ಮಿಕ್ಕವು ಇನ್ನೂ ಸೊಪ್ಪು ಮೇಯುತ್ತಿದ್ದವು.

ಶನಿವಾರ ಹತ್ತೂವರೆಗೆ ಕಾರು ಬಂತು. ಬಾಲರಾಜು ಇಳಿದು ಕೈಕಾಲು ತೊಳೆದು, ಅತ್ತೆ ಮಾವನ ಕಾಲಿಗೆ ನಮಸ್ಕಾರ ಮಾಡಿದ. ಚಿತ್ತಮ್ಮನ ಕಣ್ಣು ತುಂಬಿತು. ಆ ದಿನ ಆ ಮನೆಯಲ್ಲಿ ಯಾರೂ ಯಾರಿಗೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ನಾಟಿ ಕೋಳಿ ಸಾರು, ಮುದ್ದೆ, ಅವರೆಕಾಳಿನ ಹುಳಿ ಆಯಿತು. ಬಾಲರಾಜು ಎರಡು ಮುದ್ದೆ ಉಂಡು ಬೇವಿನ ಮರದಡಿ ಹಗ್ಗದ ಮಂಚದಲ್ಲಿ ಮಲಗಿ ಗೊರಕೆ ಹೊಡೆದ. ಪವನ್‌ನ ಹೆಂಡತಿ ಬಚ್ಚಲ ಕುರ್ಚಿಯನ್ನು ಹೊಗಳಿದಳು. ರಮ್ಯ ಕರುವಿನ ಜೊತೆ, ಒರಳಿನ ಜೊತೆ, ಸೊಪ್ಪಿನ ಹೊರೆ ತಲೆಯ ಮೇಲಿಟ್ಟುಕೊಂಡು ಫೋಟೋ ತೆಗೆಸಿಕೊಂಡಳು.

"ಅತ್ತೆ, ನಿಮ್ದೇ ಲೈಫು," ಎಂದಳು ಶೃತಿಗೆ. "ಏನು ಶಾಂತವಾಗಿದೆ ಇಲ್ಲಿ."

ಶೃತಿ ಒಲೆಯಿಂದ ತಟ್ಟೆಗೂ ತಟ್ಟೆಯಿಂದ ಒಲೆಗೂ ಓಡುತ್ತಿದ್ದಳು. ಮಸಾಲೆಯ ಕೈ ತೊಳೆಯದೆ ಹುಳ ಮುಟ್ಟುವಂತಿಲ್ಲ, ಹುಳದ ಕೈ ತೊಳೆಯದೆ ಅಡಿಗೆ ಮುಟ್ಟುವಂತಿಲ್ಲ. ಸಂಜೆಯ ಹೊತ್ತಿಗೆ ಬೆರಳುಗಳ ಚರ್ಮ ಬಿಳಿಚಿ ಸುಕ್ಕುಗಟ್ಟಿತ್ತು. ಅಂಗಳದಲ್ಲಿ ಬೆಂಕಿ ಹಾಕಿ ಎಲ್ಲರೂ ಕೂತಾಗ ಅವಳು ಚಿಕ್ಕತಿಮ್ಮಯ್ಯನೊಂದಿಗೆ ಒಳಗೆ ಹಣ್ಣುಳ ಆರಿಸುತ್ತಿದ್ದಳು. ಇನ್ನೂ ಅರ್ಧಕ್ಕರ್ಧ ತಟ್ಟೆಯಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಅವಳು ಅತ್ತೆಯನ್ನು ಏನೂ ಕೇಳಲಿಲ್ಲ. ತಟ್ಟೆಯ ಮುಂದೆ ಕೂತಿದ್ದಳು. ಹೊರಗೆ ಕಾರಿಗೆ ಸಾಮಾನು ತುಂಬುತ್ತಿರುವ ಸದ್ದು. ಚಿತ್ತಮ್ಮ ಒಳಗೆ ಬಂದು ಸೊಸೆಯ ಹಿಂದೆ ನಿಂತಳು.

"ಏಳಮ್ಮಿ," ಎಂದಳು. "ಕೈ ತೊಳ್ಕಂಡು ಸೀರೆ ಉಟ್ಕ. ನಾವು ಮೂರು ಜನ ಆರಿಸ್ಕಂತೀವಿ. ಓಗಿ ನಿಮ್ಮವ್ವನ ಮೊಕ ನೋಡ್ಕಂಡು ನಾಳೆ ಬಸ್ಸಿಗೆ ಬಂದ್ಬಿಡು."

ಶೃತಿ ತಿರುಗಿ ನೋಡಿದಳು. ಅತ್ತೆ ಆಗಲೇ ಸೆರಗು ಸಿಕ್ಕಿಸಿ ಅವಳ ಜಾಗದಲ್ಲಿ ಕೂರಲು ಬಾಗಿದ್ದಳು.

ಅವಳು ಮುಖ ತೊಳೆದು, ಸೀರೆ ಉಟ್ಟು, ಚೀಲ ಹಿಡಿದು ಹೊರಗೆ ಬರಲು ಹತ್ತು ನಿಮಿಷ ಹಿಡಿಯಿತು. ಕಾರಿನ ಹಿಂಬಾಗಿಲು ತೆರೆದೇ ಇತ್ತು. ಹಿಂದಿನ ಎರಡು ಸೀಟನ್ನೂ ಮಡಚಿದ್ದರು. ಅಲ್ಲಿ ಎರಡು ಮೂಟೆ ಕಡಲೆಕಾಯಿ, ಒಂದು ರಾಗಿ, ಅವರೆಕಾಯಿಯ ಗೋಣಿ, ಹತ್ತು ತೆಂಗಿನಕಾಯಿ. ಅವುಗಳ ಮೇಲೆ ಚಿತ್ತಮ್ಮ ಬೆಳಿಗ್ಗೆ ಎದ್ದು ಇಟ್ಟ ಅರಿಶಿನ ಕುಂಕುಮ. ಕಡಲೆಕಾಯಿ ಮೂಟೆಯ ಬಾಯಿ ಹೊಲಿದವಳು ಶೃತಿಯೇ, ಮೊನ್ನೆ.

ರೇವತಿ ಅವಳನ್ನು ನೋಡಿ ಗಲಿಬಿಲಿಗೊಂಡಳು. "ನೀನು ಬರಲ್ಲ ಅಂತ ಅವ್ವ ನೆನ್ನೆ ಹೇಳ್ತಲ್ಲೇ. ಅದಕ್ಕೇ ಸೀಟು ಮಡಚಿ ತುಂಬ್ಸಿದ್ವಿ."

"ಒಂದು ಮೂಟಿ ಇಳಿಸಿದ್ರ ಆತು ಅಕ್ಕಾ. ನಾನು ಹೆಂಗರ ಕುಂದರ್ತೀನಿ."

ಯಾರೂ ಅಲುಗಲಿಲ್ಲ. ಮಗಳ ಮಡಿಲಿಗೆಂದು ಕುಂಕುಮ ಇಟ್ಟು ಗಾಡಿಗೇರಿಸಿದ್ದನ್ನು ಆ ಮನೆಯಲ್ಲಿ ಎಂದೂ ಕೆಳಗಿಳಿಸಿದವರಿಲ್ಲ. ಇಳಿಸಿದರೆ ಕೊಟ್ಟಿದ್ದನ್ನು ಕಿತ್ತುಕೊಂಡ ಹಾಗೆ. ಅದೂ ನಾಲ್ಕು ವರ್ಷಕ್ಕೆ ಬಂದ ಅಳಿಯನ ಕಾರಿನಿಂದ. ರಾಮಾಂಜಿ ಮೂಟೆಯ ಮೂಲೆಗೆ ಕೈ ಹಾಕಿ, "ನೋಡನ" ಎಂದು ಅಪ್ಪನ ಮುಖ ನೋಡಿದ. ಚಿಕ್ಕತಿಮ್ಮಯ್ಯ ತೋಟದ ಕಡೆ ನೋಡಿದ. ಸದ್ದು ಕೇಳಿ ಬಾಗಿಲಿಗೆ ಬಂದ ಚಿತ್ತಮ್ಮ ಮೂಟೆಗಳನ್ನೂ ಸೊಸೆಯ ಚೀಲವನ್ನೂ ನೋಡಿ ನಿಂತಲ್ಲೇ ನಿಂತಳು.

"ಮುಂದಿನ ಸಲ ನಿನಗೋಸ್ಕರನೇ ಹೋಗೋಣಮ್ಮ," ಎಂದ ಬಾಲರಾಜು. ಅವನು ಮನಸ್ಸಿನಿಂದಲೇ ಹೇಳಿದ್ದು. "ಅತ್ತೆ, ಬಿ.ಪಿ. ನೋಡ್ಕೊಂಡೆ, ಇಳ್ದೋಗಿದೆ. ಹಿಂಗೇ ಬರ್ತಿರ್ತೀವಿ."

ರಾಮಾಂಜಿ ಮೂಟೆಯಿಂದ ಕೈ ತೆಗೆದು ಹಿಂಬಾಗಿಲು ಹಾಕಿದ. ಕಾರು ಪಾವಗಡದ ದಾರಿ ಹಿಡಿಯಿತು. ಶೃತಿ ಒಳಗೆ ಹೋಗಿ ಸೀರೆ ಬಿಚ್ಚಿ, ಹಳೆಯ ನೈಟಿ ತೊಟ್ಟು, ತಟ್ಟೆಯ ಮುಂದೆ ಕೂತಳು.

ಮಧ್ಯಾಹ್ನಕ್ಕೆ ಮಿಕ್ಕ ಹುಳ ಒಟ್ಟಿಗೇ ಹಣ್ಣಾಗತೊಡಗಿದವು. ನಾಲ್ವರೂ ಕೂತು ಆರಿಸುತ್ತಿದ್ದರು. ಎರಡು ಗಂಟೆ ದಾಟಿದ ಮೇಲೆ ಶೃತಿಯ ಫೋನು ಬಡಿಯಿತು. ವಿಡಿಯೋ ಕರೆ. ಅವಳ ಕೈಗೆ ಹುಳದ ನೀರು, ನೂಲು ಮೆತ್ತಿಕೊಂಡಿತ್ತು. ಚಿತ್ತಮ್ಮ ಸೀರೆಗೆ ಕೈ ಒರೆಸಿಕೊಂಡು ಫೋನು ಎತ್ತಿ ಸೊಸೆಯ ಮುಖಕ್ಕೆ ಹಿಡಿದಳು.

ಓಬಕ್ಕನ ಮುಖ ಕಂಡಿತು. ಕೆನ್ನೆ ಒಳಗೆ ಹೋಗಿತ್ತು, ಮುಂದಲೆಯ ಕೂದಲು ಪೂರಾ ಬೆಳ್ಳಗಾಗಿತ್ತು. ಹಿಂದೆ ನೆಲದ ಮೇಲೆ ಸಾಲಾಗಿ ಕೂತು ನೆಂಟರು ಉಣ್ಣುತ್ತಿದ್ದರು. ಪವನ್‌ನ ಹೆಂಡತಿಗೆ ಮಾತ್ರ ಹೊಲಿಗೆ ಮೆಷಿನ್ನಿನ ಸ್ಟೂಲು ಕೊಟ್ಟಿದ್ದರು. ಸಂಜೀವಪ್ಪ ಬಾಗಿ ರೊಟ್ಟಿ ನೀಡುತ್ತ, "ಇನ್ನೊಂದು ಹಾಕ್ಕೊಳ್ರಿ, ನಾಚಿಕಿ ಮಾಡ್ಕೋಬ್ಯಾಡ್ರಿ" ಎನ್ನುತ್ತಿದ್ದ. ಒಂದು ತಟ್ಟೆ ಖಾಲಿ ಇತ್ತು.

"ಬಂದು ಉಣ್ಣಾಕ ಹತ್ಯಾರವ್ವ," ಎಂದಳು ಓಬಕ್ಕ. "ಆರು ಮಂದಿ ಅಂದಿದ್ದಿ. ಕಾರಿಂದ ಎಲ್ಲರೂ ಇಳದ್ರು, ನೀ ಇನ್ನೂ ಹಿಂದ ಕುಂತೀಯೇನೋ ಅಂತ ನಾ ಹೋಗಿ ಬಗ್ಗಿ ನೋಡಿದೆ." ಮುಖವನ್ನು ಫೋನಿಗೆ ಹತ್ತಿರ ತಂದಳು. "ಎಷ್ಟು ಕರದ್ರೂ ಹುಳಾ ಬಿಟ್ಟು ಬರೂದಿಲ್ಲ ಅಂದ್ಯಂತ, ಇವ್ರು ಹೇಳಿದ್ರು. ನೀನ ಒಲ್ಲೆ ಅಂದ್ಯಂತ. ಹೌದೇನು?"

ಅವಳ ಹಿಂದೆ ರೇವತಿಯ ಕೈ ತುತ್ತಿನಲ್ಲಿ ನಿಂತಿತು. ಅವಳು ತಲೆ ಎತ್ತಿ ಫೋನಿನ ಕಡೆ ನೋಡಿದಳು, ಪಕ್ಕದಲ್ಲಿದ್ದ ಗಂಡನನ್ನು ನೋಡಿದಳು. ಬಾಲರಾಜು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಇಲ್ಲಿ ಚಿತ್ತಮ್ಮ ಫೋನನ್ನು ಇನ್ನೊಂದು ಕೈಗೆ ಬದಲಿಸಿದಳು. ಚಿಕ್ಕತಿಮ್ಮಯ್ಯ, ರಾಮಾಂಜಿ ಆರಿಸುವುದನ್ನು ನಿಲ್ಲಿಸಿಬಿಟ್ಟಿದ್ದರು.

"ಹೌದವ್ವ," ಎಂದಳು ಶೃತಿ. "ನಾನ ಒಲ್ಲೆ ಅಂದೆ."

ಓಬಕ್ಕ ಮಗಳ ಮುಖವನ್ನೇ ನೋಡಿದಳು. ನೋಡಿ ನೋಡಿ, "ಆತು ಬಿಡು," ಎಂದಳು. "ನಿನ್ನ ಮನಿ ನಿನಗ ದೊಡ್ಡದು. ಬಂದೋರು ಹೊಟ್ಟಿ ತುಂಬ ಉಂಡ್ರು, ನನಗ ಅಷ್ಟ ಸಾಕು." ಊಟದ ಸಾಲಿನಿಂದ ಯಾರೋ ಸಾರು ಕೇಳಿದರು. ಅವಳು ಫೋನನ್ನು ರಮ್ಯಳ ಕೈಗೆ ಕೊಟ್ಟು, ಗೋಡೆ ಹಿಡಿದು, ಒಂದು ಕಾಲು ಎಳೆದುಕೊಂಡು ನಡೆದು ಹೋದದ್ದು ಕಂಡಿತು. ರಮ್ಯ ಕೋಟೆಯ ಬಗ್ಗೆ ಏನೋ ಹೇಳುವಷ್ಟರಲ್ಲಿ ಕರೆ ಕಡಿದುಹೋಯಿತು.

ಚಿತ್ತಮ್ಮ ಫೋನನ್ನು ಕಿಟಕಿಯಲ್ಲಿಟ್ಟಳು. ಬಂದು ಸೊಸೆಯ ಪಕ್ಕದಲ್ಲೇ ಕೂತು, ಅವಳ ಮುಂದಿದ್ದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಒಂದೆರಡು ಹುಳ ಆರಿಸಿದಳು.

"ಗೂಡು ಬಿಡಿಸಿದ ಮೇಲೆ ಒಂದು ವಾರ ಓಗಿದ್ದು ಬಾ ತಾಯಿ," ಎಂದಳು. "ನಾನೇ ಬಸ್ಸು ಅತ್ತಿಸ್ತೀನಿ. ಮುಂದಿನ ಬೆಳೆ ತಡವಾಗ್ಲಿ."

ಶೃತಿ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು ಇನ್ನೊಂದನ್ನು ಎತ್ತಿಕೊಂಡಳು.

"ಇನ್ಯಾಕ ಹೋಗ್ಲಿ ಅತ್ತೀ? ಅವ್ವಗ ಒಲ್ಲೆ ಅಂದೀನಲ್ಲ."